ತೋಪಿನ ಮಣ್ಣೂ ಹಿಂದಿನ ಬೇಸಾಯವೂ

ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿನಲ್ಲಿ ನಡೆದುಹೋಗುವವರು ತಲೆಯೆತ್ತಿ ಮರಗಳನ್ನು ನೋಡುವರೇ ಹೊರತು ಕಾಲ ಕೆಳಗಿನ ಮಣ್ಣನ್ನು ನೋಡುವುದು ಅಪರೂಪ. 1898ರ ಪ್ಲೇಗು ಮಾರಿಯ ಬಳಿಕ, ಕಿಕ್ಕಿರಿದ ಕೇರಿಗಳ ಜನರಿಗೆ ಗಾಳಿ ಬೆಳಕುಗಳುಳ್ಳ ಎಡೆಯನ್ನು ಒದಗಿಸುವ ಸಲುವಾಗಿ ದಂಡಿನ ಸುತ್ತಲೂ ಹೊಸ ಬಡಾವಣೆಗಳು ಹುಟ್ಟಿಕೊಂಡವು. ಅವುಗಳ ಸಾಲಿಗೆ ಸೇರಿದ ಈ ಬಡಾವಣೆಗೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸ್ ಎಂಬವರ ಹೆಸರು ಬಂದಿತು. ಬಡಾವಣೆಯ ವಯಸ್ಸನ್ನು ಹೀಗೆ ಸುಮಾರಾಗಿ ಹೇಳಬಹುದು; ಮರಗಳ ವಯಸ್ಸನ್ನೂ ಊಹಿಸಬಹುದು. ಆದರೆ ಮರಗಳು ಬೇರೂರಿರುವ ನೆಲ ಇವೆರಡಕ್ಕಿಂತಲೂ ಬಹು ಹಳೆಯದು. ಬಡಾವಣೆಗೂ ಮುಂಚೆ ಆ ನೆಲಕ್ಕೆ ಒಂದು ಬಾಳು ಇದ್ದಿತು. ಉತ್ತವರು, ಗೊಬ್ಬರ ಹಾಕಿದವರು, ದನ ಮೇಯಿಸಿದವರು, ಮಣ್ಣು ಅಗೆದೊಯ್ದವರು ಎಲ್ಲರೂ ಅದರ ಮೇಲೆ ತಮ್ಮ ತಮ್ಮ ಗುರುತುಗಳನ್ನು ಬಿಟ್ಟುಹೋಗಿದ್ದಾರೆ.

ಒಂದೇ ಸಸ್ಯಕ್ಷೇತ್ರದಿಂದ ಒಂದೇ ದಿನ ತಂದು ಒಂದೇ ಸಾಲಿನಲ್ಲಿ ನೆಟ್ಟ ಸಸಿಗಳಲ್ಲಿ ಕೆಲವು ಕಡುಹಸುರಾಗಿ ಮೇಲೇಳುವುದನ್ನೂ, ಹತ್ತು ಮಾರು ಆಚೆಗಿರುವ ಉಳಿದವು ಎಲೆ ಹಳದಿಯಾಗಿ ಗಿಡ್ಡಾಗಿ ನಿಂತುಬಿಡುವುದನ್ನೂ ತೋಟಗಾರರೆಲ್ಲರೂ ಕಂಡಿದ್ದಾರೆ. ಬಿಸಿಲೊಂದೇ, ಮಳೆಯೊಂದೇ, ತಳಿಯೂ ಒಂದೇ. ಕೇಳಿದರೆ "ಅದು ಮಣ್ಣಿನ ಗುಣ" ಎಂದು ಹೇಳಿ ಮಾತನ್ನು ಮುಗಿಸುವುದು ರೂಢಿ. ಈ ಗುಣವೆಂಬುದು ಹುಟ್ಟುಗುಣ ಮಾತ್ರವೇ ಅಲ್ಲ, ಬಹುಮಟ್ಟಿಗೆ ಅಭ್ಯಾಸಗುಣ. ವಿಶೇಷವಾಗಿ ಸಾರಜನಕದ ಮಟ್ಟಿಗೆ, ಇಂದು ತೋಪಾಗಿರುವ ನೆಲ ನಿನ್ನೆ ಏನಾಗಿತ್ತು ಎಂಬುದನ್ನು ತಿಳಿಯದೆ ಅಲ್ಲಿನ ಮರ ಮಣ್ಣನ್ನು ಕೆಡಿಸಿತು ಅಥವಾ ತಣಿಸಿತು ಎಂದು ತೀರ್ಪು ಕೊಡಲಾಗದು. ಈ ಲೇಖನದ ವಿಷಯ ಇದೇ.

ಮೊದಲು ಸಾರಜನಕದ ವಿಚಾರವನ್ನು ಸ್ವಲ್ಪ ಜ್ಞಾಪಿಸಿಕೊಳ್ಳೋಣ. ಗಾಳಿಯ ಗಾತ್ರದಲ್ಲಿ ನೂರಕ್ಕೆ 78 ಪಾಲು ಸಾರಜನಕವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಚದರ ಮೀಟರು ನೆಲದ ಮೇಲೆ ನಿಂತಿರುವ ಗಾಳಿಯ ಕಂಬದಲ್ಲಿ ಸುಮಾರು ಏಳೂವರೆ ಟನ್ನು ಸಾರಜನಕವಿದೆ. ಆದರೂ ಅದರ ನಡುವೆ ನಿಂತ ಗಿಡ ಸಾರಜನಕವಿಲ್ಲದೆ ಸೊರಗುವುದುಂಟು. ಗಾಳಿಯಲ್ಲಿ ಈ ಮೂಲವಸ್ತುವಿನ ಪರಮಾಣುಗಳು ಎರಡೆರಡಾಗಿ, ಮೂರು ಕೊಂಡಿಗಳಿಂದ ಬಲವಾಗಿ ಹೆಣೆದುಕೊಂಡಿವೆ. ಆ ಹೆಣಿಗೆಯನ್ನು ಬಿಡಿಸುವ ಶಕ್ತಿ ಗಿಡಕ್ಕಿಲ್ಲ. ಕೆಲವು ಬ್ಯಾಕ್ಟೀರಿಯಗಳು, ಸಿಡಿಲು, ಈಚಿನ ನೂರು ವರ್ಷಗಳಿಂದ ಗೊಬ್ಬರದ ಕಾರ್ಖಾನೆಗಳು, ಇಷ್ಟು ಮಾತ್ರವೇ ಆ ಕೆಲಸವನ್ನು ಮಾಡಬಲ್ಲವು. ಗಿಡ ತನ್ನ ಬೇರಿನಿಂದ ಹೀರಿಕೊಳ್ಳುವುದು ಮಣ್ಣಿನ ನೀರಿನಲ್ಲಿ ಕರಗಿದ ಅಮೋನಿಯಂ ಮತ್ತು ನೈಟ್ರೇಟುಗಳನ್ನು. ಅವು ಹುಟ್ಟುವುದು ಮುಖ್ಯವಾಗಿ ಮಣ್ಣಿನಲ್ಲಿ ಕಳಿತ ಸಾವಯವ ವಸ್ತುವಿನಿಂದ.

ಬೆಂಗಳೂರಿನ ಸುತ್ತಣ ಕೆಂಪು ಮಣ್ಣು ಈ ವಿಷಯದಲ್ಲಿ ಶ್ರೀಮಂತವಲ್ಲ. ಇಂಥ ಹೊಲದ ಮೇಲ್ಮಣ್ಣಿನಲ್ಲಿ ಸಾರಜನಕ ನೂರಕ್ಕೆ 0.05ರಷ್ಟಿದೆ ಎಂದಿಟ್ಟುಕೊಳ್ಳೋಣ. ಒಂದು ಹೆಕ್ಟೇರಿನಲ್ಲಿ 15 ಸೆಂಟಿಮೀಟರು ಆಳದ ಮಣ್ಣಿನ ತೂಕ ಸ್ಥೂಲವಾಗಿ 22 ಲಕ್ಷ ಕಿಲೋಗ್ರಾಂ. ಅದರಲ್ಲಿ ಸಾರಜನಕ 1,100 ಕಿಲೋಗ್ರಾಂ ಆಯಿತು. ಇದೇನು ಕಡಮೆಯೇ ಎನ್ನಬಹುದು. ಆದರೆ ಈ ಗಂಟು ಬಹುಪಾಲು ಬೀಗ ಹಾಕಿದ ಪೆಟ್ಟಿಗೆಯೊಳಗಿದೆ. ಸೂಕ್ಷ್ಮಜೀವಿಗಳು ವರ್ಷಕ್ಕೆ ನೂರಕ್ಕೆ ಎರಡರಂತೆ ಅದನ್ನು ಬಿಡಿಸಿಕೊಟ್ಟರೆ ಬೆಳೆಯ ಪಾಲಿಗೆ ದೊರೆಯುವುದು 22 ಕಿಲೋಗ್ರಾಂ ಮಾತ್ರ. ಮಳೆಯಾಧಾರದ ರಾಗಿಗೆ ಹೆಕ್ಟೇರಿಗೆ 50 ಕಿಲೋಗ್ರಾಂ ಸಾರಜನಕ ಕೊಡಬೇಕೆಂದು ಕೃಷಿ ವಿಶ್ವವಿದ್ಯಾನಿಲಯ ಸಲಹೆ ಮಾಡುವುದನ್ನು ಇದರೊಡನೆ ಹೋಲಿಸಿದರೆ, ಕೊರತೆ ಎಷ್ಟೆಂಬುದು ತಿಳಿದೀತು.

ಈ ಕೊರತೆಯನ್ನು ನಮ್ಮ ಹಿರಿಯರು ಹೇಗೆ ತುಂಬುತ್ತಿದ್ದರು? ತಿಪ್ಪೆಯಿಂದ. ತಿಪ್ಪೆಗೆ ಸಾರಜನಕ ಎಲ್ಲಿಂದ ಬರುತ್ತಿತ್ತು? ಗೋಮಾಳದಿಂದ. ಹಗಲೆಲ್ಲ ದನ ಗೋಮಾಳದಲ್ಲಿ ಮೇಯುವುದು. ರಾತ್ರಿ ಕೊಟ್ಟಿಗೆಯಲ್ಲಿ ಸೆಗಣಿ ಹಾಕುವುದು. ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ ಗಾಡಿಯೇರಿ ಹೊಲಕ್ಕೆ ಹೋಗುವುದು. ಯಾರೂ ಉದ್ದೇಶಿಸದೆಯೇ ನೂರಾರು ವರ್ಷಗಳ ಕಾಲ ಸಾರಜನಕವೂ ರಂಜಕವೂ ಗೋಮಾಳದಿಂದ ಹೊಲದ ಕಡೆಗೆ ಹರಿದುಬಂದುವು. ಅದರಲ್ಲಿಯೂ ಗೊಬ್ಬರದ ಗಾಡಿ ದೂರ ಹೋಗಲು ಒಲ್ಲದು. ಆದುದರಿಂದ ಹಿತ್ತಿಲೂ ಊರ ಮಗ್ಗುಲಿನ ಹೊಲಗಳೂ ಹೆಚ್ಚು ಪಡೆದುವು, ಎಲ್ಲೆಯಂಚಿನ ಹೊಲಗಳು ಕಡಮೆ ಪಡೆದುವು. ಹೆಕ್ಟೇರಿಗೆ 10 ಟನ್ನು ಕೊಟ್ಟಿಗೆ ಗೊಬ್ಬರ ಹಾಕಿದರೆ, ಅದರಲ್ಲಿ ನೂರಕ್ಕೆ ಅರ್ಧದಷ್ಟು ಸಾರಜನಕವಿದ್ದರೂ 50 ಕಿಲೋಗ್ರಾಂ ಆಗುವುದು. ಇದರಲ್ಲಿ ಮೊದಲ ವರ್ಷದ ಬೆಳೆಗೆ ಸಿಕ್ಕುವುದು ಒಂದು ಪಾಲು. ಮಿಕ್ಕುದರಲ್ಲಿ ಹೆಚ್ಚಿನ ಭಾಗ ಮಣ್ಣಿನ ಸಾವಯವ ವಸ್ತುವಿನೊಡನೆ ಕೂಡಿಕೊಳ್ಳುವುದು. ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ಒಂದೇ ನೆಲದಲ್ಲಿ ರಾಗಿ ಬೆಳೆದು ನಡೆಸಿಕೊಂಡು ಬಂದಿರುವ ಪ್ರಯೋಗದಲ್ಲಿಯೂ ಕೊಟ್ಟಿಗೆ ಗೊಬ್ಬರವನ್ನು ರಾಸಾಯನಿಕ ಗೊಬ್ಬರದೊಡನೆ ಸೇರಿಸಿ ಕೊಟ್ಟ ಮಡಿಗಳು ಇಳುವರಿಯನ್ನೂ ಮಣ್ಣಿನ ಇಂಗಾಲವನ್ನೂ ಕಾಪಾಡಿಕೊಂಡಿವೆ. ರಾಸಾಯನಿಕ ಗೊಬ್ಬರವೊಂದನ್ನೇ ಉಂಡ ಮಡಿಗಳು ಹಿಂದೆ ಬಿದ್ದಿವೆ.

ಮೈಸೂರು ಸೀಮೆಯ ಕಂದಾಯದ ಲೆಕ್ಕಗಳಲ್ಲಿ ಜಮೀನನ್ನು ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂದು ವಿಂಗಡಿಸಿರುವರಷ್ಟೆ. ಕಂದಾಯ ವಸೂಲಿಗಾಗಿ ಮಾಡಿದ ಈ ವಿಂಗಡಣೆ ಮಣ್ಣಿನ ಶಾಸ್ತ್ರಜ್ಞನಿಗೂ ದೊಡ್ಡ ನೆರವು. ಖುಷ್ಕಿ ಎಂದರೆ ಮಳೆ ಬೆಳೆಯ ಹೊಲ; ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಬಿತ್ತುವ ವಾಡಿಕೆ ಇದ್ದಲ್ಲಿ ಅವುಗಳ ಬೇರುಗಂಟುಗಳೂ ಅಷ್ಟಿಷ್ಟು ಸಾರಜನಕವನ್ನು ಕೂಡಿಸಿರುವುವು. ತರಿಯೆಂದರೆ ನೀರು ನಿಲ್ಲುವ ಗದ್ದೆ. ಅಲ್ಲಿ ಗಾಳಿಯಾಡದ ಕೆಸರಿನಲ್ಲಿ ನೈಟ್ರೇಟು ಒಡೆದು ಮತ್ತೆ ಗಾಳಿಗೆ ಹಾರಿಹೋಗುವುದುಂಟು, ಆದರೆ ಸಾವಯವ ವಸ್ತು ನಿಧಾನವಾಗಿ ಕೊಳೆಯುವುದರಿಂದ ಒಟ್ಟು ಸಂಗ್ರಹ ಉಳಿಯುವುದೂ ಉಂಟು. ಬಾಗಾಯ್ತು ತೋಟದ ನೆಲ. ಗೊಬ್ಬರ, ಕೆರೆಗೋಡು, ಸೊಪ್ಪು ಎಲ್ಲವನ್ನೂ ಉಂಡು ಬೆಳೆದುದು. ಖರಾಬು ಎಂದು ಬರೆದಿರುವಲ್ಲಿ ಕಲ್ಲು, ಹಳ್ಳ, ದಾರಿ, ಬೀಳು ಏನಿದ್ದರೂ ಇರಬಹುದು. ಈ ನಾಲ್ಕರ ಮೇಲೆಯೂ ಒಂದೇ ಜಾತಿಯ ಮರವನ್ನು ನೆಟ್ಟರೆ ನಾಲ್ಕು ಬಗೆಯ ತೋಪುಗಳಾಗುವುವು. ಹಳೆಯ ಪಹಣಿಯನ್ನು ಓದಬಲ್ಲವನು ಅರ್ಧ ಮಣ್ಣು ಪರೀಕ್ಷೆಯನ್ನು ಕುಳಿತಲ್ಲೇ ಮುಗಿಸಬಲ್ಲನೆಂದರೆ ಅತಿಶಯೋಕ್ತಿಯಲ್ಲ.

ದಂಡಿನಂಥ ಊರಿನ ಬದಿಯಲ್ಲಿ ಈ ಕಥೆಗೆ ಇನ್ನೊಂದು ಅಧ್ಯಾಯ ಸೇರುವುದು. ಊರು ಎಂಬುದೇ ಒಂದು ದೊಡ್ಡ ಕೊಟ್ಟಿಗೆ. ಸುತ್ತಣ ಹಳ್ಳಿಗಳ ಕಾಳು, ಹುಲ್ಲು, ತರಕಾರಿ ಒಳಕ್ಕೆ ಬರುವುದು. ಒಬ್ಬ ಮನುಷ್ಯನ ಮಲಮೂತ್ರಗಳಲ್ಲಿ ದಿನಕ್ಕೆ ಸುಮಾರು 10 ಗ್ರಾಂ ಸಾರಜನಕ ಹೊರಬೀಳುವುದೆಂದರೆ ಲಕ್ಷ ಜನರ ಊರಿನಿಂದ ದಿನಕ್ಕೆ ಒಂದು ಟನ್ನು. ಅದರ ಮೇಲೆ ಕುದುರೆ ಲಾಯಗಳ ಲದ್ದಿ, ಗಾಡಿಯ ಎತ್ತುಗಳ ಸೆಗಣಿ. ಈ ನಷ್ಟವನ್ನು ಲಾಭವಾಗಿ ತಿರುಗಿಸುವುದು ಹೇಗೆಂಬ ಪ್ರಶ್ನೆಯನ್ನು ಬೆಂಗಳೂರಿನ ವಿಜ್ಞಾನಿಗಳು ಬಹು ಹಿಂದೆಯೇ ಕೈಗೆತ್ತಿಕೊಂಡರು. ಭಾರತೀಯ ವಿಜ್ಞಾನ ಮಂದಿರದಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಫೌಲರ್ ಅವರು ಸಾರಜನಕದ ಸಂರಕ್ಷಣೆಯನ್ನು ಕುರಿತೇ 1934ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮಕ್ಕೆ "ಬೆಂಗಳೂರು ಪದ್ಧತಿ" ಎಂಬ ಹೆಸರೇ ನಿಂತಿದೆ. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿ, ಮಗುಚದೆ ಕೆಲವು ತಿಂಗಳು ಕಳಿಯಲು ಬಿಡುವುದು ಅದರ ಸಾರ. ತೆರೆದ ತಿಪ್ಪೆಯಿಂದ ಅಮೋನಿಯ ಹಾರಿಹೋಗುವಷ್ಟು ಮುಚ್ಚಿದ ಗುಂಡಿಯಿಂದ ಹಾರದು. ಇಂಥ ಗೊಬ್ಬರವನ್ನುಂಡ ಊರಂಚಿನ ತರಕಾರಿ ತೋಟಗಳು ಮುಂದೆ ಊರೊಳಗೆ ಸೇರಿ ನಿವೇಶನಗಳಾಗುವುದೂ ಉದ್ಯಾನಗಳಾಗುವುದೂ ನಮ್ಮ ಕಣ್ಣೆದುರಿಗೇ ನಡೆದಿದೆ.

ಇದಕ್ಕೆ ತದ್ವಿರುದ್ಧವಾದ ನೆಲವೂ ಊರ ಬಳಿಯಲ್ಲೇ ಇರುವುದು. ಇಟ್ಟಿಗೆಗಾಗಿ ಮೇಲ್ಮಣ್ಣನ್ನು ಕೆತ್ತಿ ಒಯ್ದ ಜಾಗವನ್ನು ನೋಡಿ. ಸಾರಜನಕದ ಬಹುಭಾಗ ಮೇಲಿನ ಒಂದು ಅಡಿಯಲ್ಲಿಯೇ ಇರುವುದರಿಂದ, ಆ ಒಂದು ಅಡಿ ಹೋದರೆ ಶತಮಾನಗಳ ಉಳಿತಾಯ ಹೋದಂತೆ. ಕಟ್ಟಡದ ಪಾಯದಿಂದ ತೆಗೆದ ಕೆಂಪು ಅಡಿಮಣ್ಣನ್ನು ಹರಡಿ ಅದರ ಮೇಲೆ ಸಸಿ ನೆಡುವುದೂ ಇದೇ ಬಗೆಯದು. ನೋಡುವುದಕ್ಕೆ ಅದು ಬಹು ಚೆಲುವಾದ ಕೆಂಪು ಮಣ್ಣು; ಗಿಡದ ಪಾಲಿಗೆ ಮಾತ್ರ ಬರಿಯ ತಟ್ಟೆ.

ಹಿಂದಿನ ಬೇಸಾಯದ ಗುರುತು ಎಷ್ಟು ಕಾಲ ಉಳಿದೀತು? ಹತ್ತಿಪ್ಪತ್ತು ವರ್ಷ ಮರ ಬೆಳೆದರೆ ಎಲ್ಲವೂ ಸಮವಾಗುವುದೆಂದು ಹಿಂದೆ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದ ಕೆಲಸ ನಡೆದುದು ಫ್ರಾನ್ಸಿನಲ್ಲಿ. ಅಲ್ಲಿನ ವೋಜ್ ಬೆಟ್ಟಗಳಲ್ಲಿ ಇಂದು ಒಂದೇ ತೆರನಾಗಿ ಕಾಣುವ ಕಾಡಿನ ತುಂಡುಗಳನ್ನು ಸಂಶೋಧಕರು 19ನೆಯ ಶತಮಾನದ ಆದಿಭಾಗದ ಕಂದಾಯ ನಕ್ಷೆಗಳೊಡನೆ ಹೊಂದಿಸಿ ನೋಡಿದರು. ಕೆಲವು ತುಂಡುಗಳು ಎಂದೂ ಕಾಡಾಗಿಯೇ ಇದ್ದವು, ಕೆಲವು ಹುಲ್ಲುಗಾವಲಾಗಿದ್ದವು, ಕೆಲವು ಉತ್ತ ಹೊಲ, ಕೆಲವು ಮನೆಯ ಹಿತ್ತಿಲು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಿಂದೆ ಗೊಬ್ಬರವುಂಡಿದ್ದ ನೆಲದಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಪ್ರಮಾಣ ತಗ್ಗಿದ್ದಿತು, ಎಂದರೆ ಸಾರಜನಕ ಸುಲಭವಾಗಿ ಬಿಡುಗಡೆಯಾಗುವ ಸ್ಥಿತಿಯಲ್ಲಿತ್ತು. ನೈಟ್ರೇಟು ಹುಟ್ಟುವ ವೇಗವೂ ಅಲ್ಲಿ ಹೆಚ್ಚೆಂದು ಮುಂದಿನ ಅಳತೆಗಳು ತೋರಿಸಿದವು.

ಇನ್ನೂ ಸೋಜಿಗದ ಸಂಗತಿ ಲೊರೇನ್ ಪ್ರಾಂತದ್ದು. ಅಲ್ಲಿನ ಒಂದು ಕಾಡಿನಲ್ಲಿ ರೋಮನರ ಕಾಲದ ಒಕ್ಕಲುಮನೆಗಳ ಕಲ್ಲುಗೋಡೆಗಳು ಹುದುಗಿವೆ. ಸುಮಾರು ಕ್ರಿ. ಶ. 50ರಿಂದ 250ರವರೆಗೆ, ಎರಡು ನೂರು ವರ್ಷಗಳ ಕಾಲ ಮಾತ್ರ ಅಲ್ಲಿ ಬೇಸಾಯ ನಡೆದು, ಬಳಿಕ ಕಾಡು ಬೆಳೆದು ಮುಚ್ಚಿಹೋಯಿತು. ಸಾವಿರದೇಳುನೂರು ವರ್ಷಗಳಿಗೂ ಮೀರಿದ ಕಾಲ ಕಳೆದ ಮೇಲೆ ಆ ಮಣ್ಣನ್ನು ಪರೀಕ್ಷಿಸಿದ ದ್ಯುಪೂಯೇ, ದಾಂಬ್ರಿನ್ ಮೊದಲಾದವರು 2002ರಲ್ಲಿ ವರದಿ ಮಾಡಿದುದೇನೆಂದರೆ, ಹಳೆಯ ಮನೆಗಳಿಗೆ ಹತ್ತಿರ ಹೋದಂತೆಲ್ಲ ರಂಜಕವೂ ಗೊಬ್ಬರದ ಗುರುತೂ ಹೆಚ್ಚುತ್ತ ಹೋಗುವುವು. ನೆಲದ ಮೇಲಿನ ಗಿಡಮೂಲಿಕೆಗಳ ಜಾತಿಗಳೂ ಅದರಂತೆಯೇ ಬದಲಾಗುವುವು. ರೋಮನ್ ರೈತನ ಗೊಬ್ಬರದ ಬುಟ್ಟಿಯನ್ನು ಓಕ್, ಬೀಚ್ ಮರಗಳು ಇನ್ನೂ ಮರೆತಿಲ್ಲ.

"ಗೊಬ್ಬರದ ಗುರುತು" ಎಂದೆವಲ್ಲ, ಅದನ್ನು ಹಿಡಿಯುವ ಉಪಾಯ ಬಹು ಜಾಣತನದ್ದು. ಸಾರಜನಕದಲ್ಲಿ ತೂಕದ ಭೇದವುಳ್ಳ ಎರಡು ಸಮಸ್ಥಾನಿಗಳುಂಟು. 14 ತೂಕದ್ದು ಸಾಮಾನ್ಯ, 15 ತೂಕದ್ದು ನೂರಕ್ಕೆ 0.37ರಷ್ಟು ಮಾತ್ರ. ರಾಸಾಯನಿಕವಾಗಿ ಎರಡೂ ಒಂದೇ ಆದರೂ ಹಗುರವಾದುದು ಎಲ್ಲ ಕೆಲಸಗಳಲ್ಲಿಯೂ ಸ್ವಲ್ಪ ಚುರುಕು. ಗೊಬ್ಬರದಿಂದ ಅಮೋನಿಯ ಹಾರುವಾಗ ಹಗುರವಾದ ಸಾರಜನಕ ಹೆಚ್ಚಾಗಿ ಹಾರಿಹೋಗುವುದು; ನೈಟ್ರೇಟು ಸೋರಿಹೋಗುವಾಗಲೂ ಹಾಗೆಯೇ. ಹಿಂದುಳಿದುದರಲ್ಲಿ ಭಾರದ ಸಾರಜನಕದ ಪಾಲು ಕೂದಲೆಳೆಯಷ್ಟು ಏರುವುದು. ರಾಗಿಯನ್ನು ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ ಎನ್ನಬಹುದು. ಈ ವ್ಯತ್ಯಾಸ ಸಾವಿರದಲ್ಲಿ ಕೆಲವೇ ಪಾಲಿನಷ್ಟಾದರೂ ದ್ರವ್ಯರಾಶಿ ರೋಹಿತಮಾಪಕವೆಂಬ ಯಂತ್ರ ಅದನ್ನು ಅಳೆಯಬಲ್ಲುದು. ಹೆಚ್ಚು ಗೊಬ್ಬರವುಂಡ ನೆಲ ಭಾರದ ಸಾರಜನಕದಿಂದ ತನ್ನ ಕಥೆಯನ್ನು ತಾನೇ ಹೇಳುವುದು.

ಹಾಗಾದರೆ ಹಳೆಯ ಹೊಲದ ಮೇಲೆ ನೆಟ್ಟ ಮರ ಆ ಉಳಿತಾಯವನ್ನು ಏನು ಮಾಡುವುದು? ಇದಕ್ಕೆ ಅಮೆರಿಕೆಯ ದಕ್ಷಿಣ ಕೆರೊಲಿನ ಸಂಸ್ಥಾನದ ಕಾಲ್‌ಹೂನ್ ಪ್ರಯೋಗ ಅರಣ್ಯ ಒಳ್ಳೆಯ ಉದಾಹರಣೆ. ನೂರೈವತ್ತು ವರ್ಷಗಳಷ್ಟು ಕಾಲ ಮುಖ್ಯವಾಗಿ ಹತ್ತಿ ಬೆಳೆದು ಬಳಲಿದ್ದ ಹೊಲದಲ್ಲಿ 1957ರ ಸುಮಾರಿಗೆ ಲಾಬ್ಲಾಲಿ ಎಂಬ ಪೈನ್ ಜಾತಿಯ ಸಸಿಗಳನ್ನು ನೆಟ್ಟರು. 1962ರಿಂದ ಆಗಾಗ್ಗೆ ಮಣ್ಣಿನ ಮಾದರಿಗಳನ್ನು ತೆಗೆದು ಶೇಖರಿಸಿಟ್ಟಿದ್ದಾರೆ. ಮರಗಳು ಚೆನ್ನಾಗಿ ಬೆಳೆದವು, ನೆಲದ ಮೇಲೆ ತರಗಿನ ಹಾಸೂ ದಪ್ಪವಾಯಿತು. ಆದರೆ ಕೆಳಗಿನ ಮಣ್ಣಿನಿಂದ ಹೆಕ್ಟೇರಿಗೆ ಸುಮಾರು 800 ಕಿಲೋಗ್ರಾಂ ಸಾರಜನಕ ಕಡಮೆಯಾಯಿತು! ಅದು ನಾಶವಾಗಲಿಲ್ಲ, ಮರದೊಳಕ್ಕೂ ತರಗಿನೊಳಕ್ಕೂ ಸ್ಥಳ ಬದಲಾಯಿಸಿತು. ಹತ್ತಿಯ ಕಾಲದ ಗೊಬ್ಬರದ ಶೇಷವನ್ನು ಮೊದಲ ತಲೆಮಾರಿನ ಮರಗಳು ಉಂಡು ಬೆಳೆದವು; ಶೇಷ ಕರಗಿದಂತೆ ಸಾರಜನಕದ ಬಿಗಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮಾತ್ರ ಬೇರೆಯ ಪರಿಣಾಮವಾಯಿತು. 1882ರಲ್ಲಿ ಕುಯ್ಯದೆ ಬಿಟ್ಟ ಗೋಧಿ ಹೊಲದ ಒಂದು ತುದಿ ತಾನಾಗಿಯೇ ಕಾಡಾಗಿ, ಅಲ್ಲಿನ ಸುಣ್ಣಗಲೆತ ಜೇಡಿಮಣ್ಣು ವರ್ಷದಿಂದ ವರ್ಷಕ್ಕೆ ಸಾರಜನಕವನ್ನು ಕೂಡಿಸಿಕೊಂಡಿತು. "ಮರ ನೆಟ್ಟರೆ ಸಾರಜನಕ ಹೆಚ್ಚುವುದೋ ತಗ್ಗುವುದೋ?" ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವನ್ನು ಕೇಳಬಾರದೆಂಬುದಕ್ಕೆ ಈ ಎರಡು ಹೊಲಗಳೇ ಸಾಕ್ಷಿ.

ಈಗ ನಮ್ಮ ಊರಿನ ಮೂಡಣ ದಿಕ್ಕಿಗೆ ಬರೋಣ. ಕೃಷ್ಣರಾಜಪುರವನ್ನು ದಾಟಿ ಹೊಸಕೋಟೆ, ಕೋಲಾರಗಳ ಕಡೆಗೆ ಹೋದರೆ ನೀಲಗಿರಿ ತೋಪುಗಳ ಕಥೆ ತೆರೆದುಕೊಳ್ಳುವುದು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ನಂದಿಬೆಟ್ಟಕ್ಕೆ ಬಂದುದೆಂದು ಹೇಳಲಾಗುವ ಈ ಪರದೇಶದ ಮರ, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವು ಪಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿಯ ಹೊಲಗಳಿಗೇ ಇಳಿಯಿತು. ಕೂಲಿಯಾಳಿನ ತೊಂದರೆಯಿಲ್ಲ, ದನ ಮೇಯದು, ಕಾಗದದ ಗಿರಣಿಯವರು ಕೊಳ್ಳುವರು; ರೈತ ಒಲಿದುದರಲ್ಲಿ ಆಶ್ಚರ್ಯವಿಲ್ಲ. ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುವುದು. ಕೂಡಲೇ ವಾಗ್ವಾದವೂ ಎದ್ದಿತು: ನೀಲಗಿರಿ ನೆಲದ ಸಾರವನ್ನೆಲ್ಲ ಹೀರುವುದೆಂದು ಒಂದು ಪಕ್ಷ, ಹಾಗೇನೂ ಇಲ್ಲ, ಬಂಜರನ್ನು ಹಸುರು ಮಾಡುವುದೆಂದು ಇನ್ನೊಂದು ಪಕ್ಷ.

ನನ್ನ ಅಭಿಪ್ರಾಯದಲ್ಲಿ ಎರಡೂ ಪಕ್ಷದವರು ಎಷ್ಟೋ ವೇಳೆ ಒಂದೇ ಬಗೆಯ ಅಚಾತುರ್ಯಕ್ಕೆ ಗುರಿಯಾದರು. ಇಂದಿನ ಎರಡು ನೆಲಗಳನ್ನು ಹೋಲಿಸಿ, ವ್ಯತ್ಯಾಸವನ್ನೆಲ್ಲ ಇಂದಿನ ಮರದ ತಲೆಗೆ ಕಟ್ಟುವುದು ಸುಲಭ. ನೀಲಗಿರಿಯನ್ನು ಗೋಮಾಳದ ಬೀಳಿನಲ್ಲಿ ನೆಟ್ಟು, ಪಕ್ಕದ ಗೊಬ್ಬರದ ಹೊಲದೊಡನೆ ಹೋಲಿಸಿದರೆ ತೋಪಿನ ಮಣ್ಣು ಬಡವಾಗಿಯೇ ಕಾಣುವುದು. ಆ ಬಡತನ ಮರ ಬರುವುದಕ್ಕೆ ಮೊದಲೇ ಇದ್ದಿತು. ಒಳ್ಳೆಯ ರಾಗಿ ಹೊಲದಲ್ಲಿ ನೆಟ್ಟು, ಪಕ್ಕದ ಬೀಳಿನೊಡನೆ ಹೋಲಿಸಿದರೆ ತೋಪಿನ ಮಣ್ಣು ಸಿರಿವಂತವಾಗಿ ಕಾಣುವುದು. ಆ ಸಿರಿ ರೈತನ ಅಜ್ಜ ಹೊತ್ತು ಹಾಕಿದುದು. ನ್ಯಾಯವಾದ ಪರೀಕ್ಷೆಗೆ ಒಂದೇ ಹಿನ್ನೆಲೆಯ ನೆಲದಲ್ಲಿ ಬೇರೆ ಬೇರೆ ಮರಗಳಿರಬೇಕು, ಬೇರೆ ಬೇರೆ ಹಿನ್ನೆಲೆಯ ನೆಲಗಳಲ್ಲಿ ಒಂದೇ ಮರವೂ ಇರಬೇಕು. ಎಲ್ಲಕ್ಕಿಂತ ಮೇಲಾದುದು, ಸಸಿ ನೆಡುವ ದಿನವೇ ಮಣ್ಣನ್ನು ತೆಗೆದಿಟ್ಟು, ಕಾಲ್‌ಹೂನಿನವರಂತೆ ಮುಂದೆ ಹೋಲಿಸುವುದು. ಒಂದು ಸೀಸೆಯಷ್ಟು ಮಣ್ಣನ್ನು ಒಣಗಿಸಿ ತಾರೀಖು ಬರೆದಿಡುವುದಕ್ಕೆ ಖರ್ಚೇನೂ ಇಲ್ಲ. ಆದರೂ ಸಸಿ ನೆಡುವ ಸಮಾರಂಭಗಳಲ್ಲಿ ಭಾಷಣಕ್ಕೆ ದೊರೆಯುವ ಹೊತ್ತು ಇದಕ್ಕೆ ದೊರೆಯದು.

ಹೀಗೆಂದ ಮಾತ್ರಕ್ಕೆ ನೀಲಗಿರಿ ನಿರಪರಾಧಿಯೆಂದು ಅರ್ಥವಲ್ಲ. ಲೆಕ್ಕ ಹಾಕಿ ನೋಡೋಣ. ಸಿಪ್ಪೆ ಸುಲಿದ ಒಣ ದಿಮ್ಮಿಯಲ್ಲಿ ಸಾರಜನಕ ಬಲು ಕಡಮೆ, ನೂರಕ್ಕೆ 0.12 ಎಂದು ಹಿಡಿದರೆ 50 ಟನ್ನಿನಲ್ಲಿ 60 ಕಿಲೋಗ್ರಾಂ. ಎಲೆ ಮತ್ತು ಎಳೆಯ ಕಡ್ಡಿಗಳಲ್ಲಿ ಇದರ ಹತ್ತು ಪಟ್ಟು. 5 ಟನ್ನಿನಲ್ಲಿಯೇ ಮತ್ತೆ 60 ಕಿಲೋಗ್ರಾಂ. ದಿಮ್ಮಿಯನ್ನು ಮಾತ್ರ ಒಯ್ದು ಸೊಪ್ಪನ್ನು ನೆಲದಲ್ಲೇ ಬಿಟ್ಟರೆ ನಷ್ಟ ಅರ್ಧ. ಸೊಪ್ಪನ್ನೂ ಉರುವಲಿಗೆ ಗುಡಿಸಿಕೊಂಡು ಹೋದರೆ ನಷ್ಟ ಇಮ್ಮಡಿ. ಅದೇ ವೇಳೆಗೆ ಹೊಲಕ್ಕೆ ಗೊಬ್ಬರದ ಗಾಡಿ ಬರುವುದೂ ನಿಂತಿರುವುದು, ಅವರೆಯ ಅಕ್ಕಡಿಯೂ ನಿಂತಿರುವುದು. ಎಂದರೆ, ಹೊಲವಾಗಿದ್ದಾಗ ಕೂಡಿಟ್ಟ ಗಂಟಿನಿಂದ ಖರ್ಚು ಮಾತ್ರ ಸಾಗಿದೆ, ಜಮಾ ನಿಂತಿದೆ. ಮೊದಲನೆಯ ಕಡಿತ ಸೊಗಸಾಗಿ ಬಂದಿತೆಂದು ಹಿಗ್ಗಿದ ರೈತನಿಗೆ ಆ ಸೊಗಸಿನ ಬೇರು ಹಳೆಯ ತಿಪ್ಪೆಯಲ್ಲಿತ್ತೆಂಬುದು ಹೊಳೆಯದೆ ಹೋಗಬಹುದು. ನೀರಿನ ವಿಷಯದಲ್ಲಿಯೂ ಇದನ್ನೇ ಕಂಡರು. ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಹೊಸಕೋಟೆಯ ಬಳಿ ಅಳತೆ ಮಾಡಿದಾಗ, ಆಳವಾದ ಮಣ್ಣಿನ ಹಳೆಯ ಹೊಲದಲ್ಲಿದ್ದ ನೀಲಗಿರಿ ಆಯಾ ವರ್ಷದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿತೆಂದು ತಿಳಿದುಬಂದಿತು. ರಾಗಿಯ ಮೋಟು ಬೇರು ಮುಟ್ಟದೆ ಬಿಟ್ಟಿದ್ದ ಆಳದ ತೇವವನ್ನು ಮರದ ಬೇರು ಹುಡುಕಿಕೊಂಡು ಹೋಗಿ ಕುಡಿಯಿತು.

2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ತೋಪನ್ನು ತೆಗೆದು ಮತ್ತೆ ಹೊಲ ಮಾಡುವವರು ಎದುರಿಸುವ ಒಂದು ಕಷ್ಟವನ್ನು ಇಲ್ಲಿ ಹೇಳಬೇಕು. ಬುಡ ಕಿತ್ತ ಮೇಲೆ ಮಣ್ಣಿನಲ್ಲಿ ಬೇರಿನ ಚೂರು, ತರಗು, ಸಿಪ್ಪೆ ಬೇಕಾದಷ್ಟು ಉಳಿಯುವುದು. ಇವುಗಳಲ್ಲಿ ಇಂಗಾಲ ಅಪಾರ, ಸಾರಜನಕ ಅತ್ಯಲ್ಪ. ಸೂಕ್ಷ್ಮಜೀವಿಗಳು ಇವನ್ನು ಕೊಳೆಯಿಸಲು ತೊಡಗಿದಾಗ ತಮ್ಮ ಮೈ ಕಟ್ಟಿಕೊಳ್ಳುವುದಕ್ಕೆ ಮಣ್ಣಿನ ನೈಟ್ರೇಟನ್ನು ಬಳಸಿಕೊಂಡುಬಿಡುವುವು. ಕೊಳೆಯುವ ವಸ್ತುವಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 25-30 ಪಾಲನ್ನು ಮೀರಿದರೆ ಹೀಗಾಗುವುದೆಂಬುದು ಸಾಮಾನ್ಯವಾದ ಗೊತ್ತು. ಆದಕಾರಣ ಮೊದಲ ವರ್ಷದ ರಾಗಿ ಹಳದಿಯಾಗಿ ನಿಲ್ಲುವ ಸಂಭವ ಹೆಚ್ಚು. ಇದು ವಿಷವಲ್ಲ, ಸಾಲ. ಕೊಳೆತು ಮುಗಿದಂತೆ ಒಂದು ಪಾಲು ಹಿಂದಕ್ಕೆ ಬರುವುದು. ಕೊಟ್ಟಿಗೆ ಗೊಬ್ಬರವನ್ನೂ, ಹುರುಳಿ, ಅಲಸಂದೆಯಂಥ ದ್ವಿದಳಗಳನ್ನೂ ಮುಂದಿಟ್ಟುಕೊಂಡು ಹೊರಟವನಿಗೆ ಆ ಸಾಲ ಬೇಗ ತೀರುವುದು.

ಬೇರುಗಂಟುಳ್ಳ ಮರಗಳನ್ನು ನೆಟ್ಟರೆ ಈ ತಾಪತ್ರಯವೇ ಇಲ್ಲವಲ್ಲ ಎಂದು ಕೆಲವರು ಹೇಳುವುದುಂಟು. ಹೊಂಗೆ, ಮಳೆಮರ, ಜಾಲಿ ಇವುಗಳ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿಯುವುವು; ಸರ್ವೆ ಮರದ ಗಂಟುಗಳಲ್ಲಿ ಫ್ರಾಂಕಿಯ ಎಂಬ ಬೇರೊಂದು ಕುಲದ ಜೀವಿ ಅದೇ ಕೆಲಸವನ್ನು ಮಾಡುವುದು. ಹುರುಳಿಯ ಕುಟುಂಬಕ್ಕೆ ಸೇರಿದ ಮಾತ್ರಕ್ಕೆ ಎಲ್ಲಕ್ಕೂ ಈ ಶಕ್ತಿ ಇದೆಯೆಂದು ಭಾವಿಸಬಾರದು. ಬೆಂಗಳೂರಿನ ರಸ್ತೆಗಳನ್ನು ಕೆಂಪಾಗಿಸುವ ಗುಲ್‌ಮೊಹರಿನ ಬೇರಿನಲ್ಲಿ ಗಂಟು ಹುಡುಕಿದರೆ ಸಿಕ್ಕದು. ಇನ್ನು ಶಕ್ತಿಯುಳ್ಳ ಮರಗಳೂ ನೆಲದ ಹಿನ್ನೆಲೆಯನ್ನು ನೋಡಿಯೇ ದುಡಿಯುವುವು. ಹಳೆಯ ತೋಟದ ಕೊಬ್ಬಿದ ಮಣ್ಣಿನಲ್ಲಿ ಸಿದ್ಧವಾದ ನೈಟ್ರೇಟು ಸಿಕ್ಕುವಾಗ ಗಂಟು ಕಟ್ಟುವ ಶ್ರಮವನ್ನು ಮರ ಕಡಮೆ ಮಾಡುವುದು. ಇಟ್ಟಿಗೆ ತೆಗೆದ ಗುಂಡಿಯಲ್ಲಿ ಸಾರಜನಕದ ಹಸಿವಿದ್ದರೂ, ಗಂಟಿನ ಕೆಲಸಕ್ಕೆ ಬೇಕಾದ ರಂಜಕವಿಲ್ಲದೆ ಕೈ ಕಟ್ಟಿದಂತಾಗುವುದು. ಹಿಂದೆ ಒಂದಷ್ಟು ಗೊಬ್ಬರವುಂಡು, ರಂಜಕ ಉಳಿದು, ಸಾರಜನಕ ಕರಗಿಹೋದ ಹಳೆಯ ಹೊಲವೇ ಇಂಥ ಮರಗಳಿಗೆ ತಕ್ಕ ನೆಲ.

ಸಾರಜನಕ ಹೆಚ್ಚಾದರೂ ಅಪಾಯವಿದೆ. ನೈಟ್ರೇಟು ನೀರಿನೊಡನೆ ಸುಲಭವಾಗಿ ಇಳಿದುಹೋಗುವ ವಸ್ತು. ಹಳೆಯ ತಿಪ್ಪೆ, ಕೊಟ್ಟಿಗೆ, ತರಕಾರಿ ತೋಟಗಳಿದ್ದ ನೆಲದಲ್ಲಿ ಬೇರು ಹೀರುವುದಕ್ಕಿಂತ ಹೆಚ್ಚು ನೈಟ್ರೇಟು ಹುಟ್ಟಿದರೆ ಉಳಿದುದು ಬಾವಿಯ ನೀರಿಗೆ ಸೇರುವುದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟನ್ನು ಮೀರಬಾರದೆಂದು ನಮ್ಮ ದೇಶದ ಮಾನಕ ವಿಧಿಸಿದೆ. ಇಂಥ ನೆಲದಲ್ಲಿ ಬೇರುಗಂಟಿನ ಮರಗಳ ಬದಲಾಗಿ ಹೆಚ್ಚು ಹೀರುವ, ವೇಗವಾಗಿ ಬೆಳೆಯುವ ಮರಗಳನ್ನು ನೆಡುವುದೇ ಲೇಸು. ಬಡ ನೆಲಕ್ಕೆ ಒಪ್ಪುವ ಮರ ಸಿರಿ ನೆಲಕ್ಕೆ ಒಪ್ಪಬೇಕೆಂಬ ನಿಯಮವಿಲ್ಲ.

ಈ ವಿಷಯವನ್ನು ಬಾಯಿಮಾತಿನಲ್ಲಿ ಬಿಡದೆ ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ಮೂರು ಬಗೆಯ ಮಣ್ಣನ್ನು ಸಂಗ್ರಹಿಸಿ: ಬಹುಕಾಲ ಗೊಬ್ಬರವುಂಡ ಹಿತ್ತಿಲಿನದು ಒಂದು, ಹಳೆಯ ಮರದ ಅಡಿಯದು ಒಂದು, ಮನೆ ಕಟ್ಟುವಲ್ಲಿ ಪಾಯದಿಂದ ತೆಗೆದ ಅಡಿಮಣ್ಣು ಒಂದು. ರಿಚರ್ಡ್ಸ್ ಟೌನಿನ ಆಸುಪಾಸಿನವರಿಗೆ ಒಂದೆರಡು ಬೀದಿಗಳ ಒಳಗೇ ಈ ಮೂರೂ ಸಿಕ್ಕಿಯಾವು; ಮಣ್ಣು ಯಾರದೋ ಅವರ ಅಪ್ಪಣೆ ಪಡೆಯಬೇಕು, ಸಾರ್ವಜನಿಕ ಉದ್ಯಾನವನ್ನು ಅಗೆಯಬಾರದು. ಮೇಲಿನ ತರಗನ್ನು ಸರಿಸಿ 15 ಸೆಂಟಿಮೀಟರಿನವರೆಗಿನ ಮಣ್ಣನ್ನು ತೆಗೆದು, ಹೆಂಟೆ ಒಡೆದು, ಒಂದೊಂದು ಬಗೆಯದನ್ನೂ ಒಂದೊಂದು ಕಿಲೋಗ್ರಾಮಿನಂತೆ ಮೂರು ಮೂರು ಕುಂಡಗಳಿಗೆ ತುಂಬಬೇಕು. ಮೊದಲನೆಯದನ್ನು ಹಾಗೆಯೇ ಬಿಡುವುದು. ಎರಡನೆಯದಕ್ಕೆ 10 ಗ್ರಾಂ ಮರದ ಹೊಟ್ಟನ್ನು ಕಲಸುವುದು. ಮೂರನೆಯದಕ್ಕೆ, ಒಂದು ಲೀಟರು ನೀರಿಗೆ ಒಂದು ಗ್ರಾಂ ಯೂರಿಯ ಕರಗಿಸಿ ಅದರಲ್ಲಿ 100 ಮಿಲಿಲೀಟರನ್ನು ಹಾಕುವುದು. ಎಲ್ಲದರಲ್ಲಿಯೂ ರಾಗಿ ಬಿತ್ತಿ, ಮೊಳೆತ ಮೇಲೆ ಕುಂಡಕ್ಕೆ ಐದು ಪೈರು ಉಳಿಸಿ, ಒಂದೇ ಕಡೆ ಬಿಸಿಲಿನಲ್ಲಿಟ್ಟು ಒಂದೇ ಅಳತೆಯ ನೀರು ಕೊಡಬೇಕು.

ಐದು ವಾರಗಳಾದ ಮೇಲೆ ಎಲೆಯ ಬಣ್ಣವನ್ನು ಬರೆದುಕೊಂಡು, ಪೈರನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಒಣಗಿಸಿ ತೂಗಿ ನೋಡಿ. ಯೂರಿಯ ಹಾಕಿದ ಪೈರು ಹಾಕದುದಕ್ಕಿಂತ ಬಹಳ ಮುಂದೆ ಹೋದರೆ ಆ ಮಣ್ಣಿಗೆ ಸಾರಜನಕದ ಕೊರತೆಯಿತ್ತೆಂದು ತಿಳಿಯಬೇಕು; ಯೂರಿಯ ಹಾಕಿದರೂ ಮೇಲೇಳದಿದ್ದರೆ ರಂಜಕವೋ ಮತ್ತೇನೋ ಸಾಲದು. ಮರದ ಹೊಟ್ಟು ಸೇರಿದ ಕುಂಡದಲ್ಲಿ ಪೈರು ಹಳದಿಗೆ ತಿರುಗಿದರೆ, ನೀಲಗಿರಿ ಕಿತ್ತ ಹೊಲದಲ್ಲಿ ಏನಾಗುವುದೆಂಬುದು ಅಂಗೈಯಗಲದಲ್ಲಿ ಕಂಡಂತಾಯಿತು. ಮೂರು ಮಣ್ಣುಗಳಲ್ಲಿ ಯಾವುದು ಈ ಹೊಟ್ಟಿನ ಪೆಟ್ಟನ್ನು ಹೆಚ್ಚು ತಡೆದುಕೊಂಡಿತೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಒಂದೊಂದು ಕುಂಡದ ಮೇಲೆಯೂ ಆ ಮಣ್ಣಿನ ಹಿಂದಿನ ಬಾಳನ್ನು, ಎಂದರೆ ಅಲ್ಲಿ ಏನು ಬೆಳೆಯುತ್ತಿದ್ದರು, ದನ ಕಟ್ಟುತ್ತಿದ್ದರೇ, ಮಣ್ಣು ಹೊರಗಿನಿಂದ ತಂದು ಸುರಿದುದೇ ಎಂಬುದನ್ನು, ಮನೆಯ ಹಿರಿಯರನ್ನು ಕೇಳಿ ಬರೆದು ಅಂಟಿಸಬೇಕು. ಈ ಚೀಟಿಯನ್ನು ಬರೆಯಬೇಕಾದುದು ಬಿತ್ತುವ ದಿನ. ತೂಕ ತಿಳಿದ ಮೇಲೆ ಅಲ್ಲ.